ಮಲೆನಾಡಿನ ಮನೆಯಲ್ಲಿ ರ್ಯಾಸ್ ಮೀನು: ಸಾಕುವ ಮತ್ತು ಗಮನಿಸುವ ಕ್ರಮ

ಉಪ್ಪುನೀರಿನ ಅಕ್ವೇರಿಯಂಗೆ ರ್ಯಾಸ್ ಮೀನನ್ನು ತರಬೇಕೆನ್ನುವವರು ಸಾಮಾನ್ಯವಾಗಿ ಬಣ್ಣ ನೋಡಿ ಆರಿಸುತ್ತಾರೆ. ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಮೀನು ರಾತ್ರಿ ಎಲ್ಲಿ ಮಲಗುತ್ತದೆ? ಲ್ಯಾಬ್ರಿಡೇ ಎಂಬ ಈ ಕುಟುಂಬದಲ್ಲಿ ಬೆರಳುದ್ದದ ಮೀನುಗಳಿಂದ ಹಿಡಿದು ಎರಡು ಮೀಟರ್ ಬೆಳೆಯಬಲ್ಲ ನೆಪೋಲಿಯನ್ ರ್ಯಾಸ್‌ವರೆಗೆ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಇವು ಹಗಲಿನಲ್ಲಿ ಚುರುಕಾಗಿ ಓಡಾಡಿ ಕತ್ತಲಾಗುತ್ತಲೇ ಮಲಗುವ ಮೀನುಗಳು. ಕೆಲವು ಮರಳಿನೊಳಗೆ ನುಗ್ಗಿ ಮಲಗುತ್ತವೆ, ಕೆಲವು ಕಲ್ಲಿನ ಸಂದಿಯಲ್ಲಿ, ಅದರಲ್ಲೂ ಕೆಲವು ತಮ್ಮ ಸುತ್ತ ಲೋಳೆಯ ತೆಳು ಹೊದಿಕೆಯೊಂದನ್ನು ನೇಯ್ದುಕೊಂಡು ಮಲಗುತ್ತವೆ. ತೊಟ್ಟಿಯ ತಳಕ್ಕೆ ಏನು ಹಾಕಬೇಕು, ಕಲ್ಲನ್ನು ಹೇಗೆ ಜೋಡಿಸಬೇಕು, ಹೊಸ ಮೀನನ್ನು ಪ್ರತ್ಯೇಕವಾಗಿ ಹೇಗೆ ಇಡಬೇಕು ಎಂಬುದನ್ನೆಲ್ಲ ಈ ಒಂದು ವ್ಯತ್ಯಾಸವೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಯಾವುದನ್ನು ಆರಿಸಬೇಕು

ಮರಳಿನಲ್ಲಿ ಮಲಗುವವುಗಳಲ್ಲಿ ಹ್ಯಾಲಿಕೋರಿಸ್ ಗುಂಪು ಮನೆಯ ತೊಟ್ಟಿಗೆ ಅತ್ಯಂತ ಸೂಕ್ತವಾದುದು. ಹಳದಿ ರ್ಯಾಸ್ ಮತ್ತು ನೀಲಿ-ಕಿತ್ತಳೆ ಪಟ್ಟೆಗಳ ಮೆಲನುರಸ್ ರ್ಯಾಸ್ ಇದೇ ಗುಂಪಿನವು. ಇವು ಗಟ್ಟಿಮುಟ್ಟಾದ ಮೀನುಗಳು, ಬೇಗ ಆಹಾರಕ್ಕೆ ಹೊಂದಿಕೊಳ್ಳುತ್ತವೆ, ಮೇಲಾಗಿ ಹವಳಕ್ಕೆ ತೊಂದರೆ ಕೊಡುವ ಚಪ್ಪಟೆ ಹುಳುಗಳನ್ನು ಹುಡುಕಿ ತಿನ್ನುತ್ತವೆ. ಸಣ್ಣ ಸಿಗಡಿ, ಸಣ್ಣ ಬಸವನಹುಳುಗಳನ್ನೂ ತಿಂದುಬಿಡಬಹುದು ಎಂಬುದನ್ನು ಮೊದಲೇ ತಿಳಿದಿರಬೇಕು. ಕಲ್ಲಿನ ಸಂದಿಯಲ್ಲಿ ಮಲಗುವವುಗಳಲ್ಲಿ ಸಿರ್ರಿಲ್ಯಾಬ್ರಸ್ ಜಾತಿಯ ಫೇರಿ ರ್ಯಾಸ್, ಪ್ಯಾರಾಕೈಲಿನಸ್ ಜಾತಿಯ ಫ್ಲ್ಯಾಶರ್ ರ್ಯಾಸ್ ಮುಖ್ಯವಾದವು. ನೀರಿನಲ್ಲಿ ತೇಲಿ ಬರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಇವು ಹವಳದ ಗೊಡವೆಗೇ ಹೋಗುವುದಿಲ್ಲ.

ಆರು ಗೆರೆಯ ರ್ಯಾಸ್ ಅಗ್ಗವಾಗಿ ಸಿಗುತ್ತದೆ, ನೋಡಲು ಚೆನ್ನಾಗಿದೆ, ಆದರೆ ನೆಲೆಯೂರಿದ ಮೇಲೆ ತನಗಿಂತ ಸೌಮ್ಯವಾದ ಮೀನುಗಳನ್ನು ಬೆನ್ನಟ್ಟುತ್ತದೆ. ಬೇಕೇ ಬೇಕೆಂದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಕೆಂಪು ಮೈಯ ಮೇಲೆ ಬಿಳಿ ಮಚ್ಚೆಗಳಿರುವ ಕೋರಿಸ್ ಮರಿಯನ್ನು ಅಂಗಡಿಯಲ್ಲಿ ಕಂಡು ಮರುಳಾಗಬಾರದು. ಅದು 40 ಸೆಂ.ಮೀ. ಹತ್ತಿರಕ್ಕೆ ಬೆಳೆದು, ಕಲ್ಲು-ಹವಳಗಳನ್ನು ಮಗುಚಿ ಆಹಾರ ಹುಡುಕುವ ಮೀನು. ಚಿರತೆ ಮಚ್ಚೆಯ ಮ್ಯಾಕ್ರೊಫ್ಯಾರಿಂಗೊಡಾನ್ ಅತ್ಯಂತ ಚೆಲುವಾದುದಾದರೂ ದಿನವಿಡೀ ಕಲ್ಲಿನ ಮೇಲಿನ ಅತಿಸಣ್ಣ ಜೀವಿಗಳಾದ ಕೋಪೆಪಾಡ್‌ಗಳನ್ನು ಹೆಕ್ಕುತ್ತಲೇ ಇರಬೇಕಾದುದರಿಂದ, ತೊಟ್ಟಿಗೆ ಒಂದು ವರ್ಷವಾದರೂ ತುಂಬಿ ಸೂಕ್ಷ್ಮ ಜೀವಿಗಳು ನೆಲೆಗೊಳ್ಳುವ ತನಕ ಅದನ್ನು ತರುವುದು ಸರಿಯಲ್ಲ. ಕ್ಲೀನರ್ ರ್ಯಾಸ್ ಅನ್ನಂತೂ ಯಾರೂ ಕೊಳ್ಳಬಾರದೆಂದೇ ನನ್ನ ದೃಢವಾದ ಅಭಿಪ್ರಾಯ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಬದುಕುವ ಅದು ತೊಟ್ಟಿಯಲ್ಲಿ ಬಹಳ ಸಲ ಹಸಿವಿನಿಂದಲೇ ಸೊರಗುತ್ತದೆ, ಮತ್ತು ಅದನ್ನು ಹಿಡಿದ ಹವಳದ ದಿಬ್ಬದಲ್ಲಿ ಅದರ ಸೇವೆಗೆ ಕಾಯುವ ಮೀನುಗಳು ಉಳಿದಿರುತ್ತವೆ.

ತೊಟ್ಟಿ, ಮರಳು, ಮುಚ್ಚಳ

ಒಂದೆರಡು ಹ್ಯಾಲಿಕೋರಿಸ್ ಅಥವಾ ಒಂದು ಸಣ್ಣ ಫೇರಿ ಗುಂಪಿಗೆ 120 ಸೆಂ.ಮೀ. ಉದ್ದದ, 200 ಲೀಟರ್‌ಗಿಂತ ಹೆಚ್ಚು ಹಿಡಿಸುವ ತೊಟ್ಟಿ ಬೇಕು. ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ಇವು ಬಾಲ ಬೀಸದೆ ಪಕ್ಕದ ಈಜುರೆಕ್ಕೆಗಳನ್ನು ಹುಟ್ಟಿನಂತೆ ಹಾಕುತ್ತಾ ಅಡ್ಡಡ್ಡ ಓಡಾಡುವ ಮೀನುಗಳು. ಮರಳಿನಲ್ಲಿ ಮಲಗುವ ಮೀನಿಗೆ ಕನಿಷ್ಠ 5ರಿಂದ 7 ಸೆಂ.ಮೀ. ದಪ್ಪದ, ನುಣುಪು ಕಣಗಳ, ಅರಗೊನೈಟ್ ಎಂಬ ಸುಣ್ಣಾಂಶದ ಮರಳು ಇರಲೇಬೇಕು. ಪುಡಿಗಟ್ಟಿದ ಹವಳದ ಒರಟು ಚೂರು ಹಾಕಿದರೆ ನುಗ್ಗುವಾಗ ಮೂತಿ ಗಾಯವಾಗುತ್ತದೆ. ತುಂಗೆಯ ಮರಳು ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನು ತಂದು ಸುರಿಯಬಾರದು. ಅದರಲ್ಲಿ ಸುಣ್ಣದ ಅಂಶವಿಲ್ಲ, ಕಣ ಒರಟು, ಎಷ್ಟು ತೊಳೆದರೂ ಮಣ್ಣು ಬಿಡುತ್ತದೆ. ಕಲ್ಲುಗಳನ್ನು ಮರಳಿನ ಮೇಲೆ ಕೂರಿಸದೆ ಮೊದಲು ತಳದ ಗಾಜಿನ ಮೇಲೆ ಭದ್ರವಾಗಿ ನಿಲ್ಲಿಸಿ, ಆಮೇಲೆ ಸುತ್ತಲೂ ಮರಳು ಹಾಕಬೇಕು. ಇಲ್ಲದಿದ್ದರೆ ಮೀನು ಅಡಿಯಲ್ಲಿ ನುಗ್ಗಿದಾಗ ಕಲ್ಲು ಕುಸಿಯುತ್ತದೆ.

ರ್ಯಾಸ್ ಮೀನುಗಳು ಹಾರುತ್ತವೆ. ಬೆದರಿದಾಗ, ಬೆನ್ನಟ್ಟಿಸಿಕೊಂಡಾಗ, ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ತಟ್ಟನೆ ಆರಿದಾಗ ಅಥವಾ ಹೊತ್ತಿಕೊಂಡಾಗ ನೀರಿನಿಂದ ಚಿಮ್ಮುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಗಳಿಗೆಗೊಮ್ಮೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. 6 ಮಿ.ಮೀ. ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿದು, ಪೈಪು ಮತ್ತು ವೈರುಗಳ ಪಕ್ಕದ ಸಂದುಗಳನ್ನೂ ಬಿಡದೆ ಮುಚ್ಚಬೇಕು. ಜೊತೆಗೆ ಯುಪಿಎಸ್‌ಗೆ ಜೋಡಿಸಿದ ಸಣ್ಣ ದೀಪವೊಂದು ಅದೇ ಕೋಣೆಯಲ್ಲಿ ಉರಿಯುತ್ತಿದ್ದರೆ ಕತ್ತಲೆ ಒಮ್ಮೆಗೇ ಕವಿಯುವುದಿಲ್ಲ. ಯುಪಿಎಸ್‌ನಲ್ಲಿ ನೀರು ತಿರುಗಿಸುವ ಪಂಪಿಗೆ ಮೊದಲ ಸ್ಥಾನ ಕೊಡಬೇಕು. ಹೀಟರ್ ಮತ್ತು ಚಿಲ್ಲರ್‌ಗಳನ್ನು ಅದಕ್ಕೆ ಹಾಕಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ದಿನಗಟ್ಟಲೆ ಕರೆಂಟ್ ಬರದ ಹಳ್ಳಿಗಳಲ್ಲಿ ಬ್ಯಾಟರಿಯ ಏರ್ ಪಂಪ್ ಒಂದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಅಗತ್ಯ.

ನಮ್ಮ ನೀರು, ನಮ್ಮ ಹವೆ

ಘಟ್ಟದ ನೀರು ಮೃದುವಾಗಿರುವುದು ನಿಜ, ಆದರೆ ಅದನ್ನು ನೇರವಾಗಿ ಬಳಸಬಹುದೆಂದು ಅರ್ಥವಲ್ಲ. ಜಂಬಿಟ್ಟಿಗೆ ಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶವಿರುತ್ತದೆ, ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಓ ಮತ್ತು ಡಿಐ (ಕರಗಿದ ಲವಣಗಳನ್ನು ತೆಗೆಯುವ ಶೋಧಕ) ಎರಡನ್ನೂ ದಾಟಿ ಬಂದ ನೀರಿಗೇ ಉಪ್ಪು ಬೆರೆಸಬೇಕು.

ಇಲ್ಲಿ ತಾಮ್ರದ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಹವಳ, ಸಿಗಡಿ, ಬಸವನಹುಳುಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ, ಮತ್ತು ಮಲೆನಾಡಿನ ಮನೆಗಳಲ್ಲಿ ತಾಮ್ರ ಎರಡು ದಾರಿಯಿಂದ ತೊಟ್ಟಿಗೆ ಬರಬಲ್ಲದು. ಬಚ್ಚಲ ಹಂಡೆಯ ನೀರು ಒಂದು ದಾರಿ. ಅಡಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇನ್ನೊಂದು, ಏಕೆಂದರೆ ಅದರಲ್ಲಿರುವ ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಔಷಧಿ ಕಲಸಿದ ಬಕೆಟ್, ಡ್ರಮ್, ಪೈಪುಗಳು ಎಷ್ಟೇ ತೊಳೆದಿದ್ದರೂ ಅಕ್ವೇರಿಯಂ ಕೆಲಸಕ್ಕೆ ಬರಕೂಡದು. ತೋಟದಲ್ಲಿ ಔಷಧಿ ಹೊಡೆದು ಬಂದವರು ಸೋಪಿನಿಂದ ಸ್ನಾನ ಮಾಡಿದ ಮೇಲೂ ಅಂದು ತೊಟ್ಟಿಗೆ ಕೈ ಹಾಕದಿರುವುದು ಒಳಿತು. ತೋಟದ ಪಕ್ಕದ ಮನೆಯಾದರೆ ಮಾಡಿನಿಂದ ಬೀಳುವ ಮಳೆನೀರನ್ನು ಹಿಡಿದು ಬಳಸುವ ಆಲೋಚನೆಯನ್ನೂ ಬಿಡಬೇಕು.

ನೀರಿನ ಉಷ್ಣತೆ 25-26 ಡಿಗ್ರಿ, ಸಾಂದ್ರತೆ 1.025, ಪಿಎಚ್ 8.1ರಿಂದ 8.4 ಇರಲಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಾಗಿರಬೇಕು. ಶಿವಮೊಗ್ಗದ ಬೇಸಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಆವಿಯಾಗಿ ಒಂದೆರಡು ಡಿಗ್ರಿ ಇಳಿಯುತ್ತದೆ, ಏಪ್ರಿಲ್ ತಿಂಗಳಿಗೆ ಮಾತ್ರ ಚಿಲ್ಲರ್ ಬೇಕಾಗಬಹುದು. ತೀರ್ಥಹಳ್ಳಿ, ಆಗುಂಬೆ ಕಡೆಯ ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು. ಮಳೆಗಾಲದ ತೇವಕ್ಕೆ ಉಪ್ಪಿನ ಚೀಲ ಕಲ್ಲಿನಂತೆ ಗಟ್ಟಿಯಾಗುವುದರಿಂದ ತೆರೆದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಸುರಿದಿಡಬೇಕು.

ಹವಳದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಸಮುದ್ರದಿಂದ ಕೀಳುವುದು, ಮಾರುವುದು ಅಪರಾಧ. ಕರಾವಳಿಯಿಂದ ತಂದ ಹವಳದ ಕಲ್ಲೆಂದು ಯಾರು ಕೊಟ್ಟರೂ ತೆಗೆದುಕೊಳ್ಳಬಾರದು. ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕಲ್ಲುಗಳಿಂದಲೇ ದಿಬ್ಬ ಕಟ್ಟಬಹುದು, ಕೆಲವು ತಿಂಗಳಲ್ಲಿ ಅವುಗಳ ಮೇಲೂ ಜೀವ ಹರಡುತ್ತದೆ. ಸಂದಿಗೊಂದಿ ಹೆಚ್ಚಿದ್ದಷ್ಟೂ ಫೇರಿ ರ್ಯಾಸ್‌ಗೆ ಮಲಗುವ ಜಾಗ ಹೆಚ್ಚು.

ಮೀನು ಬಂದ ದಿನ

ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರವನ್ನು ರಾತ್ರಿ ಬಸ್ಸಿನಲ್ಲಿ ದಾಟಿ ಬಂದ ಚೀಲದೊಳಗೆ ಮೀನು ಉಸಿರಾಡಿದ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದಾಗಿ ಅಲ್ಲಿ ಸೇರಿದ ಅಮೋನಿಯಾ ಅಷ್ಟಾಗಿ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ಮೀನನ್ನು ಸುಡತೊಡಗುತ್ತದೆ. ಆದ್ದರಿಂದ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಬದಲು, ಅಂಗಡಿಯವರ ನೀರಿನ ಸಾಂದ್ರತೆಯನ್ನು ಮೊದಲೇ ಕೇಳಿ ತಿಳಿದು, ಹೊಸ ಮೀನನ್ನು ಮೊದಲು ಇಡುವ ಪ್ರತ್ಯೇಕ ತೊಟ್ಟಿಯ ನೀರನ್ನು ಅದಕ್ಕೆ ಸರಿಹೊಂದಿಸಿ, ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಎತ್ತಿ ಬಿಡುವುದು ಉತ್ತಮ. ಆ ತೊಟ್ಟಿಯ ತಳ ಬರಿದಾಗಿರಬಹುದು, ಆದರೆ ಹ್ಯಾಲಿಕೋರಿಸ್ ಆಗಿದ್ದರೆ ಮರಳು ತುಂಬಿದ ಪ್ಲಾಸ್ಟಿಕ್ ಡಬ್ಬವೊಂದನ್ನು ಒಳಗಿಡಲೇಬೇಕು. ಮರಳಿಲ್ಲದೆ ರಾತ್ರಿ ಕಳೆಯುವ ಮೀನು ಗಾಜಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಹವಳ, ಸಿಗಡಿಗಳಿಲ್ಲದ ಈ ಪ್ರತ್ಯೇಕ ತೊಟ್ಟಿಯಲ್ಲಿ ಮೀನಿನ ರೋಗಕ್ಕೆ ತಾಮ್ರದ ಔಷಧಿ ಕೊಡಬೇಕಾಗಿ ಬಂದರೆ ಈ ಡಬ್ಬಕ್ಕೆ ಮಾತ್ರ ನುಣುಪಾದ ಸಿಲಿಕಾ ಮರಳು ಹಾಕಬೇಕು, ಏಕೆಂದರೆ ಅರಗೊನೈಟ್ ತಾಮ್ರವನ್ನು ಹೀರಿಕೊಂಡು ಔಷಧಿಯ ಅಳತೆ ತಪ್ಪಿಸುತ್ತದೆ.

ಬಿಟ್ಟ ಮೀನು ಮರಳಿಗೆ ನುಗ್ಗಿ ಕೆಲವು ದಿನ ಹೊರಗೇ ಬಾರದಿರಬಹುದು. ಸತ್ತಿತೆಂದು ಕೆದಕಬಾರದು. ದೂರದ ಸಮುದ್ರದಿಂದ ಬಂದ ಮೀನಿನ ಹಗಲು-ರಾತ್ರಿಯ ಲೆಕ್ಕ ನಮ್ಮ ದೀಪದ ವೇಳೆಗೆ ಹೊಂದಲು ಸಮಯ ಬೇಕು. ಹೊರಬಂದ ಮೇಲೆ ಮೈಸಿಸ್ ಸಿಗಡಿ, ಬ್ರೈನ್ ಶ್ರಿಂಪ್‌ಗಳನ್ನು ದಿನಕ್ಕೆ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ದಿನವಿಡೀ ಹೆಕ್ಕಿ ತಿನ್ನುವ ಮೀನಿಗೆ ಒಂದೇ ಸಲದ ಹೊಟ್ಟೆತುಂಬ ಊಟ ಹಿಡಿಸುವುದಿಲ್ಲ.

ಗಮನಿಸುವ ಕ್ರಮ

ಇಷ್ಟೆಲ್ಲ ಶ್ರಮಕ್ಕೆ ಫಲ ಸಿಗುವುದು ತೊಟ್ಟಿಯ ಮುಂದೆ ಸುಮ್ಮನೆ ಕುಳಿತಾಗ. ಗಾಜಿನಿಂದ ಒಂದೂವರೆ ಮೀಟರ್ ಹಿಂದೆ, ಪ್ರತಿದಿನ ಒಂದೇ ಜಾಗದಲ್ಲಿ ಕುಳಿತರೆ ಮೀನುಗಳು ಬೇಗ ನಿಮ್ಮನ್ನು ಲೆಕ್ಕಿಸದಾಗುತ್ತವೆ. ಮೊದಲು ಬರೆದುಕೊಳ್ಳಬೇಕಾದುದು ಮಲಗುವ ಹೊತ್ತು. ಹ್ಯಾಲಿಕೋರಿಸ್ ದೀಪ ಆರುವುದಕ್ಕೂ ಮುಂಚೆ, ದಿನವೂ ಹೆಚ್ಚುಕಡಿಮೆ ಅದೇ ಗಳಿಗೆಗೆ, ಅದೇ ಮೂಲೆಯ ಮರಳಿಗೆ ತಲೆ ಮುಂದಾಗಿ ನುಗ್ಗುತ್ತದೆ. ಈ ವೇಳೆ ಒಮ್ಮೆಲೇ ಬಹಳ ಮುಂದೆ ಬಂದರೆ ಅಥವಾ ಮೀನು ಬೆಳಗ್ಗೆ ತಡವಾಗಿ ಎದ್ದರೆ, ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ ನೀರನ್ನು ಪರೀಕ್ಷಿಸಬೇಕು.

ಫ್ಲ್ಯಾಶರ್ ರ್ಯಾಸ್‌ಗೆ ಇಳಿಹಗಲೇ ಸರಿಯಾದ ಹೊತ್ತು. ಗಂಡು ತನ್ನ ರೆಕ್ಕೆಗಳನ್ನೆಲ್ಲ ಥಟ್ಟನೆ ನಿಗುರಿಸಿ, ಮೈಮೇಲಿನ ನೀಲಿ ಗೆರೆಗಳನ್ನು ಮಿಂಚಿಸಿ, ಹೆಣ್ಣುಗಳ ಮುಂದೆ ಹಾದು ಮತ್ತೆ ಮಡಿಸಿಕೊಳ್ಳುತ್ತದೆ. ಹೆಣ್ಣುಗಳಿಲ್ಲದೆ ಒಂಟಿಯಾಗಿಟ್ಟ ಗಂಡಿನ ಬಣ್ಣ ದಿನಕಳೆದಂತೆ ಮಾಸುತ್ತದೆ, ಹಾಗಾಗಿ ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳನ್ನು ಜೊತೆ ಮಾಡಬೇಕು. ಗಾಜಿನ ಹೊರಗೆ ಕೆಲವು ನಿಮಿಷ ಕನ್ನಡಿ ಹಿಡಿದರೆ ಹಲವು ಗಂಡುಗಳು ತಮ್ಮ ಬಿಂಬಕ್ಕೇ ರೆಕ್ಕೆ ನಿಗುರಿಸುತ್ತವೆ. ಕ್ಲೀನರ್ ರ್ಯಾಸ್ ಕನ್ನಡಿಯಲ್ಲಿ ಕಂಡ ಗುರುತನ್ನು ತನ್ನ ಮೈಯಿಂದ ಉಜ್ಜಿ ತೆಗೆಯಲು ಯತ್ನಿಸಿತೆಂದು ಜಪಾನಿನ ಮಸನೋರಿ ಕೊಹ್ಡಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ್ದಾರೆ. ಅಷ್ಟು ಸೂಕ್ಷ್ಮವಾದ ಜೀವಿಗಳ ಮುಂದೆ ಕನ್ನಡಿಯನ್ನು ದಿನವಿಡೀ ಇಟ್ಟು ದಣಿಸಬಾರದು.

ರಾತ್ರಿ ನೋಡಲು ಕೆಂಪು ಟಾರ್ಚ್ ಬಳಸುವ ರೂಢಿಯಿದೆ. ಆದರೆ ಫೇರಿ ರ್ಯಾಸ್‌ಗಳಲ್ಲಿ ಸಿರ್ರಿಲ್ಯಾಬ್ರಸ್ ಸೊಲೊರೆನ್ಸಿಸ್ ತನ್ನ ಮೈಯ ಕಡುಕೆಂಪು ಹೊಳಪನ್ನು ತಾನೇ ಕಾಣಬಲ್ಲುದೆಂದು 2014ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಬೆಳಕು ಕೆಂಪಾದರೂ ಮಂದವಾಗಿರಲಿ, ಲೋಳೆಯ ಹೊದಿಕೆ ಕಂಡ ತಕ್ಷಣ ಆರಿಸಿಬಿಡಬೇಕು.

ಅತ್ಯಂತ ತಾಳ್ಮೆ ಬೇಡುವುದು ಲಿಂಗ ಬದಲಾವಣೆಯ ಗಮನಿಕೆ. ಮನೆಯ ತೊಟ್ಟಿಯಲ್ಲಿ ಸಾಕುವ ಈ ರ್ಯಾಸ್‌ಗಳಲ್ಲಿ ಹೆಣ್ಣಾಗಿದ್ದ ಮೀನು ಮುಂದೆ ಗಂಡಾಗಬಲ್ಲದು. 1972ರಲ್ಲಿ ರಾಸ್ ರಾಬರ್ಟ್‌ಸನ್ ಅವರು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಕ್ಲೀನರ್ ರ್ಯಾಸ್ ಗುಂಪುಗಳಲ್ಲಿ, ಗಂಡು ಇಲ್ಲವಾದಾಗ ಮೇಲುಗೈಯ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ವರ್ತಿಸತೊಡಗಿ, ವಾರಗಳಲ್ಲಿ ನಿಜವಾಗಿಯೇ ಗಂಡಾಗುವುದನ್ನು ವಿವರಿಸಿದರು. ಮನೆಯಲ್ಲಿ ಇದನ್ನು ಕಾಣಬೇಕೆಂದರೆ ಎರಡು ಮೂರು ಎಳೆಯ ಹೆಣ್ಣು ಮೆಲನುರಸ್‌ಗಳನ್ನು, ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸವಿರುವಂಥವನ್ನು, ಒಟ್ಟಿಗೇ ಬಿಡಬೇಕು. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಅದೇ ಮಗ್ಗುಲಿನಿಂದ ಪ್ರತಿಯೊಂದರ ಫೋಟೋ ತೆಗೆದು ದಿನಾಂಕ ಬರೆದಿಡಬೇಕು. ಬೆನ್ನಿನ ರೆಕ್ಕೆಯ ಕಪ್ಪು ಬೊಟ್ಟು ಮಾಸುವುದು, ಮುಖದ ಗೆರೆಗಳು ದಪ್ಪವಾಗುವುದು, ಯಾವುದು ಯಾವುದನ್ನು ಬೆನ್ನಟ್ಟಿತು ಎಂಬ ಮೂರನ್ನು ತಪ್ಪದೆ ದಾಖಲಿಸಬೇಕು. ಬೆನ್ನಟ್ಟಿಸಿಕೊಂಡ ಮೀನು ಊಟದ ಹೊತ್ತಿಗೂ ಹೊರಬರದಿದ್ದರೆ ಗಮನಿಕೆಯನ್ನು ನಿಲ್ಲಿಸಿ ಅದನ್ನು ಬೇರೆ ತೊಟ್ಟಿಗೆ, ಮರಳಿನ ಡಬ್ಬದ ಜೊತೆಗೆ, ವರ್ಗಾಯಿಸಬೇಕು.