ರಸ್ತೆ ಒದ್ದೆ ಇದೆ, ಮಳೆ ಬಂದಿತ್ತಾ?

ಬೆಳಿಗ್ಗೆ ಬಾಗಿಲು ತೆಗೆದರೆ ರಸ್ತೆ ಒದ್ದೆ. ‘ರಾತ್ರಿ ಮಳೆ ಬಂದಿರಬೇಕು’ ಅಂದುಕೊಳ್ಳುತ್ತೇವೆ. ತರ್ಕಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ, ನಿಜ. ಆದರೆ ಪೈಪ್ ಒಡೆದರೂ ಆಗುತ್ತದೆ, ಅಲ್ವಾ? ಹಾಗಂತ ನಮ್ಮ ಊಹೆ ಸುಮ್ನೆ ಹುಟ್ಟಿದ್ದೂ ಅಲ್ಲ. ಅದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಸಂಭವನೀಯತೆಯ ಲೆಕ್ಕ ಹೇಳುತ್ತದೆ. ಪೆನ್ನು, ಒಂದು ಚೂರು ಕಾಗದ ಸಾಕು.

ಮೊದಲು ರಸ್ತೆಯನ್ನು ಮರೆತುಬಿಡಿ. ಈ ಕಾಲದಲ್ಲಿ 100 ರಾತ್ರಿಗಳಲ್ಲಿ ಎಷ್ಟು ರಾತ್ರಿ ಮಳೆ ಬರುತ್ತದೆ? 20 ಅಂತಿಟ್ಟುಕೊಳ್ಳಿ. ಎಷ್ಟೋ ಜನ ಈ ಹೆಜ್ಜೆಯನ್ನೇ ಹಾರಿಸಿಬಿಡುತ್ತಾರೆ. ಇಲ್ಲಿ 0 ಅಥವಾ 100 ಮಾತ್ರ ಬರೆಯಬೇಡಿ. ಬರೆದರೆ ಮುಂದೆ ಏನೇ ಕಂಡರೂ ಲೆಕ್ಕ ಕದಲುವುದಿಲ್ಲ. ಹಟಮಾರಿಗಳ ಲೆಕ್ಕ ಅದು.

ಈಗ ರಸ್ತೆಗೆ ಬನ್ನಿ. ಮಳೆ ಬಂದ 20 ದಿನವೂ ಒದ್ದೆ. ಮಳೆಯಿಲ್ಲದ 80ರಲ್ಲಿ ಬೇರೆ ಕಾರಣಕ್ಕೆ 8 ದಿನ ಒದ್ದೆ ಅನ್ನೋಣ. ಒಟ್ಟು 28 ಒದ್ದೆ ಬೆಳಗು, ಅದರಲ್ಲಿ ಮಳೆಯವು 20. ಅಂದರೆ ಸುಮಾರು ಶೇ 71. ಇದೇ ಬೇಯ್ಸ್ ಸೂತ್ರ. ಇದನ್ನು ಯೋಚಿಸಿದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ, ಅವರ ಗೆಳೆಯ ರಿಚರ್ಡ್ ಪ್ರೈಸ್ ಇದರ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು.

ಇನ್ನೊಂದು ಸುಳಿವು ಸಿಕ್ಕಿತು: ರಾತ್ರಿಯಿಡೀ ಹೊರಗೇ ನಿಂತಿದ್ದ ಕಾರಿನ ಮೇಲೆ ಒಂದು ಹನಿಯೂ ಇಲ್ಲ. ಮಳೆಯ 20 ದಿನಗಳಲ್ಲಿ, ಬೇಗ ಆರಿ, ಹಾಗೆ ಕಾಣುವುದು 2 ದಿನ ಇರಬಹುದು. ಉಳಿದ 8ರಲ್ಲಿ ಎಂಟೂ ದಿನ. ಈಗ 10ರಲ್ಲಿ 2. ಶೇ 71 ಇದ್ದದ್ದು 20ಕ್ಕೆ ಇಳಿಯಿತು! ಶುದ್ಧ ತರ್ಕದಲ್ಲಿ ಹೀಗಾಗುವುದಿಲ್ಲ. ಒಮ್ಮೆ ಸಾಧಿಸಿದ್ದು ಹೊಸ ಮಾಹಿತಿ ಬಂದರೂ ಹಾಗೇ ಉಳಿಯುತ್ತದೆ.

ಪಕ್ಕದ ಮನೆಯವರು ‘ಹೂಂ, ರಾತ್ರಿ ಮಳೆ ಬಂತು’ ಅಂದರೆ ತಕ್ಷಣ ಅಂಕಿ ಏರಿಸಬೇಡಿ. ಹೇಗೆ ಗೊತ್ತಾಯಿತು ಅಂತ ಕೇಳಿ. ಅವರೂ ಇದೇ ಒದ್ದೆ ರಸ್ತೆ ನೋಡಿ ಹೇಳಿದ್ದರೆ, ಒಂದೇ ಸುಳಿವನ್ನು ಎರಡು ಸಲ ಎಣಿಸಿದ ಹಾಗಾಯಿತು. ನಾನು ಜಾಸ್ತಿ ಎಡವುವುದು ಇಲ್ಲೇ.

ಹಾಗಾದರೆ ತರ್ಕ ಬೇರೆ, ಇದು ಬೇರೆಯಾ? ಅದೇ ಕಾಗದದಲ್ಲಿ ರಸ್ತೆ ಒಣಗಿದ್ದ 72 ದಿನ ನೋಡಿ. ಅದರಲ್ಲಿ ಮಳೆಯವು ಸೊನ್ನೆ. ‘ರಸ್ತೆ ಒದ್ದೆಯಿಲ್ಲ, ಹಾಗಾಗಿ ಮಳೆ ಬಂದಿಲ್ಲ’. ಅಪ್ಪಟ ತರ್ಕ, ಲೆಕ್ಕದೊಳಗೇ ಕೂತಿತ್ತು. ಭೌತವಿಜ್ಞಾನಿ ರಿಚರ್ಡ್ ಕಾಕ್ಸ್ 1946ರಲ್ಲಿ ತರ್ಕದ ಕಡೆಯಿಂದ ಹೊರಟರು. ನಂಬಿಕೆಗೆ ಅಂಕಿ ಕೊಡಬೇಕು, ತರ್ಕಕ್ಕೂ ತಪ್ಪಬಾರದು ಅಂದರೆ ಯಾವ ನಿಯಮ ಬೇಕು ಅಂತ ಹುಡುಕಿದರು. ಸಿಕ್ಕಿದ್ದು ಸಂಭವನೀಯತೆಯ ನಿಯಮಗಳೇ. ಅವರು ಹಾಕಿಕೊಂಡ ಷರತ್ತುಗಳ ಬಗ್ಗೆ ಪಂಡಿತರ ಜಗಳ ಮಾತ್ರ ಇನ್ನೂ ಮುಗಿದಿಲ್ಲ.