ರಾಡಿಗೆ ಇಳಿಯುವ ಮುನ್ನ ಜೀಪಿನಿಂದ ಇಳಿಯಿರಿ

ಆರಿದ್ರಾ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಒಳಗಿನ ಮಣ್ಣುರಸ್ತೆಗಳು ಬರೀ ರಾಡಿ. ಫೋರ್ ವೀಲ್ ಡ್ರೈವ್ ಇದೆಯಲ್ಲ ಎಂದು ಸೀದಾ ನುಗ್ಗಬೇಡಿ. ನಾಲ್ಕೂ ಚಕ್ರ ತಿರುಗಿದರೆ ಸಾಲದು, ನೆಲ ಹಿಡಿಯಬೇಕಲ್ವಾ?

ಗಾಡಿ ನಿಲ್ಲಿಸಿ ಇಳಿಯಿರಿ. ಕೋಲು ಹಿಡಿದು ಚಕ್ರ ಹೋಗುವ ಎರಡೂ ಜಾಡಿನಲ್ಲಿ ಚುಚ್ಚುತ್ತಾ ನಡೆಯಿರಿ. ಕೋಲು ಗೇಣುದ್ದ ಇಳಿದು ಟಕ್ ಎಂದರೆ ಕೆಳಗೆ ಜಂಬಿಟ್ಟಿಗೆ ಕಲ್ಲಿದೆ, ಹೋಗಬಹುದು. ಸದ್ದಿಲ್ಲದೆ ಇಳಿಯುತ್ತಲೇ ಹೋದರೆ ಆ ಜಾಗ ಬಿಡಿ. ಟ್ರ್ಯಾಕ್ಟರ್ ಕೊರೆದ ಆಳದ ಜಾಡಿಗೂ ಚಕ್ರ ಇಳಿಸಬೇಡಿ. ನಡುವಿನ ದಿಬ್ಬಕ್ಕೆ ಗಾಡಿಯ ಹೊಟ್ಟೆ ಕೂತರೆ ಚಕ್ರ ಸುಮ್ನೆ ತಿರುಗುತ್ತದೆ, ಅಷ್ಟೇ.

ಫೋರ್ ವೀಲ್ ಹಾಕುವುದು ಕೆಸರಿಗೆ ಮೊದಲು, ಸಿಕ್ಕಿಬಿದ್ದ ಮೇಲಲ್ಲ. ಆಳದ ಕೆಸರಿಗೆ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ 4 ಎಲ್‌ಗೆ ಬದಲಿಸಿ, ಎರಡನೇ ಗೇರಿನಲ್ಲಿ ಒಂದೇ ಸಮನೆ ಹೋಗಿ. ನಡುವೆ ಕ್ಲಚ್ ತುಳಿಯಬೇಡಿ. ಹಿಡಿತ ತಪ್ಪಿತು ಅನಿಸಿದರೆ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿ. ಚಕ್ರ ನಿಂತಲ್ಲೇ ಸುತ್ತಿದರೆ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇನ್ನೂ ಒತ್ತಿದರೆ ನಿಮ್ಮ ಗುಂಡಿ ನೀವೇ ತೋಡಿದಂತೆ. ಚಕ್ರದ ಹಿಂದಿನ ಕೆಸರು ಕೆರೆದು, ಕಲ್ಲು, ಸೊಪ್ಪು ತುರುಕಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಟೈರಿನ ಗಾಳಿಯನ್ನು 20 ಪಿಎಸ್‌ಐ ಸುಮಾರಿಗೆ ಇಳಿಸಿದರೂ ಹಿಡಿತ ಬರುತ್ತದೆ.

ಹಳ್ಳದ ಮಾತೇ ಬೇರೆ. ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸಲೇಬೇಡಿ. 2020ರಲ್ಲಿ ಬಂದ ಮಹೀಂದ್ರಾ ಥಾರ್‌ಗೆ ಕಂಪನಿ ಕೊಟ್ಟಿರುವ ನೀರಿನ ಆಳದ ಮಿತಿ 650 ಮಿಲಿಮೀಟರ್, ಅಂದರೆ ಎರಡಡಿ ಚಿಲ್ಲರೆ. ಹರಿವಿನ ಸೆಳೆತ ಅದರಲ್ಲಿ ಸೇರಿಲ್ಲ. ಘಟ್ಟದ ಮೇಲೆ ಮಳೆ ಹೊಯ್ದರೆ ಹಳ್ಳ ನೋಡನೋಡುತ್ತಲೇ ಏರುತ್ತದೆ. ನೀರು ಕೆಂಪಾಗಿ, ದರಕು ತೇಲಿಸಿಕೊಂಡು ಬರುತ್ತಿದ್ದರೆ ಈಚೆ ದಡದಲ್ಲೇ ಕಾಯಿರಿ. ದಾಟುವಾಗ ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗ ಕಟ್ಟಿ ಎಳೆಸಿ.

ದಾಟಿದ ಮೇಲೆ ನಿಧಾನಕ್ಕೆ ಹೋಗುತ್ತಾ ಬ್ರೇಕ್ ನಾಲ್ಕಾರು ಸಲ ಒತ್ತಿ ಒಣಗಿಸಿ. ಡಾಂಬರು ಸಿಕ್ಕ ಕೂಡಲೇ ಎರಡೇ ಚಕ್ರಕ್ಕೆ ಬಲ ಹೋಗುವ 2 ಎಚ್‌ಗೆ ಬನ್ನಿ, ಟೈರಿಗೆ ಗಾಳಿ ತುಂಬಿಸಿ. ರಿಮ್ಮಿನ ಒಳಗಿನ ಕೆಸರನ್ನೂ ತೊಳೆಯಿರಿ. ಅದು ಒಣಗಿ ಕೂತರೆ ವೇಗಕ್ಕೆ ಸ್ಟೇರಿಂಗ್ ನಡುಗುತ್ತದೆ.