ಕಾರಣದ ಕಾಲಂನಲ್ಲಿ ನಾನು ಬರೆದ ತಪ್ಪು ಪದ

ಸುರಕ್ಷತಾ ವಿಭಾಗಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಮೊದಲ ಅಪಘಾತ ವರದಿ ಒಂದೇ ಪುಟದ್ದು. ಪ್ಯಾಕಿಂಗ್ ಯಂತ್ರದಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಹಾಳೆ ಎಳೆಯಲು ಹೋಗಿ ಆಪರೇಟರ್ ಒಬ್ಬರ ಬೆರಳು ಜಜ್ಜಿಹೋಗಿತ್ತು. ಕೈ ಒಳಗೆ ಹೋಗದಂತೆ ತಡೆಯುವ ಮುಚ್ಚಳ, ಅಂದರೆ ಗಾರ್ಡ್, ತೆರೆದೇ ಇತ್ತು, ಯಂತ್ರ ಓಡುತ್ತಿತ್ತು. ಕಾರಣದ ಕಾಲಂನಲ್ಲಿ ‘ಆಪರೇಟರ್ ಅಜಾಗರೂಕತೆ’ ಎಂದು ಬರೆದೆ. ಮುಂದಿನ ಕ್ರಮ: ತರಬೇತಿ. ಜೊತೆಗೆ ‘ವಿದ್ಯುತ್ ಆಫ್ ಮಾಡಿದ ಮೇಲೆಯೇ ಒಳಗೆ ಕೈ ಹಾಕಿ’ ಎಂಬ ಫಲಕವನ್ನೂ ಯಂತ್ರದ ಮೇಲೆ ಅಂಟಿಸಿದೆ.

ನಾಲ್ಕು ತಿಂಗಳಲ್ಲಿ ಅದೇ ಯಂತ್ರ ಇನ್ನೊಬ್ಬರ ಎರಡು ಬೆರಳು ಮುರಿಯಿತು. ಅವರು ನನ್ನ ಫಲಕ ಹೇಳಿದ್ದನ್ನೇ ಮಾಡಿದ್ದರು. ವಿದ್ಯುತ್ ಆಫ್ ಆಗಿತ್ತು, ಆದರೆ ಹಾಳೆಯನ್ನು ಒತ್ತಿ ಅಂಟಿಸುವ ದವಡೆಯನ್ನು ತಳ್ಳುವ ಸಿಲಿಂಡರಿನಲ್ಲಿ ಒತ್ತಡದ ಗಾಳಿ ಹಾಗೆಯೇ ಉಳಿದಿತ್ತು. ಹಾಳೆ ಅಡ್ಡ ಇದ್ದಷ್ಟು ಹೊತ್ತು ದವಡೆ ಅರ್ಧದಲ್ಲಿ ನಿಂತಿತ್ತು. ಹಾಳೆ ಕಿತ್ತು ಬಂದದ್ದೇ ತಡ, ಉಳಿದ ದೂರವನ್ನು ಒಂದೇ ಏಟಿಗೆ ಮುಗಿಸಿತು. ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಒಂದೇ ಮಾತು: “ಸರ್, ನೀವು ಬರೆದ ಹಾಗೇ ಮಾಡಿದೆನಲ್ಲ?” ನನ್ನ ಬಳಿ ಉತ್ತರವಿರಲಿಲ್ಲ.

ಈ ಸಲ ವರದಿ ಬರೆಯುವ ಮೊದಲು ಯಂತ್ರದ ಪಕ್ಕ ಪೂರ್ತಿ ಒಂದು ಶಿಫ್ಟ್ ನಿಂತೆ. ಎಂಟು ಗಂಟೆಯಲ್ಲಿ ಹಾಳೆ 27 ಸಲ ಸಿಕ್ಕಿಕೊಂಡಿತು. ನಿಯಮದಂತೆ ಯಂತ್ರ ನಿಲ್ಲಿಸಿ, ಗಾರ್ಡ್ ತೆರೆದು, ಹೀಟರ್ ಮತ್ತೆ ಕಾಯಲು ಬಿಟ್ಟು ಶುರುಮಾಡಿದರೆ ಪ್ರತಿ ಸಲಕ್ಕೂ ಆರು ನಿಮಿಷ. 27 ಸಲಕ್ಕೆ 162 ನಿಮಿಷ. ಶಿಫ್ಟಿನ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತದೆ, ಟಾರ್ಗೆಟ್ ಮಾತ್ರ ಒಂದು ಪ್ಯಾಕೆಟ್ಟೂ ಕಡಿಮೆಯಾಗುವುದಿಲ್ಲ. ಗಾರ್ಡ್ ತೆರೆದರೂ ಯಂತ್ರ ನಿಲ್ಲದಂತೆ ಅದರ ಸ್ವಿಚ್ಚಿಗೆ ಯಾರೋ ಬಿಡಿ ಕೀ ಸಿಕ್ಕಿಸಿಟ್ಟಿದ್ದು ಏಕೆಂದು ಆಗ ಅರ್ಥವಾಯಿತು. ಆ ಕೀ ಅಲ್ಲಿರುವುದು ಮೂರೂ ಶಿಫ್ಟಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬನೇ, ಏಕೆಂದರೆ ನಾನು ಕೇಳಿರಲಿಲ್ಲ.

ಹಾಳೆ ಸಿಕ್ಕಿಕೊಳ್ಳುವುದಾದರೂ ಏಕೆ? ಹಾಳೆಯನ್ನು ನೇರ ದಾರಿಯಲ್ಲಿಡುವ, ಅಂಚು ಸವೆದ ಒಂದು ಗೈಡ್ ಪಟ್ಟಿಯಿಂದ. ಅದನ್ನು ಬದಲಾಯಿಸಲು ಕೋರಿದ ಚೀಟಿ ಮೊದಲ ಅಪಘಾತಕ್ಕೂ ಮುಂಚಿನಿಂದ ಮೆಂಟೆನೆನ್ಸ್ ಫೈಲಿನಲ್ಲಿ ಕೂತಿತ್ತು. ಪಟ್ಟಿ ಬದಲಾದ ಮೇಲೆ ಶಿಫ್ಟಿಗೆ ಎರಡೋ ಮೂರೋ ಸಲ ಮಾತ್ರ ಸಿಕ್ಕಿಕೊಳ್ಳತೊಡಗಿತು. ಗಾರ್ಡ್ ತೆರೆದ ತಕ್ಷಣ ಸಿಲಿಂಡರಿನ ಗಾಳಿಯನ್ನೂ ಹೊರಬಿಡುವ ವಾಲ್ವ್ ಹಾಕಿಸಿದೆವು, ಕಣ್ಣಿಗೆ ಕಾಣುವ ಜಾಗದಲ್ಲಿ ಒತ್ತಡದ ಗೇಜ್ ಕೂರಿಸಿದೆವು. ದುರಸ್ತಿಗೆ ಇಳಿಯುವ ಪ್ರತಿಯೊಬ್ಬರಿಗೂ ಯಂತ್ರದ ಸ್ವಿಚ್ಚನ್ನು ಆಫ್ ಸ್ಥಿತಿಯಲ್ಲೇ ಹಿಡಿದಿಡಲು ಅವರದೇ ಬೀಗ, ಕೀ ಅವರ ಜೇಬಿನಲ್ಲಿ. ಬೀಗ ಹಾಕಿದ ಮೇಲೆ ಗೇಜ್ ಸೊನ್ನೆಗೆ ಇಳಿದಿದೆಯೇ ನೋಡಿ, ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಓಡುವುದಿಲ್ಲವೆಂದು ಪರೀಕ್ಷಿಸಬೇಕು. ಫಲಕವನ್ನು ನಾನೇ ಕಿತ್ತೆ.

ವಿಚಾರಿಸುವ ರೀತಿಯೂ ಬದಲಾಯಿತು. ಮೊದಲು ಗಾಯಗೊಂಡವರ ಆರೈಕೆ, ಆಮೇಲೆ ಜಾಗ ತೊಳೆಯುವ ಮುನ್ನ ಫೋಟೊ, ಸ್ವಿಚ್ಚುಗಳು ಯಾವ ಸ್ಥಿತಿಯಲ್ಲಿದ್ದವು ಎಂಬ ಟಿಪ್ಪಣಿ. ಮಾತು ಅದೇ ದಿನ, ಒಬ್ಬೊಬ್ಬರ ಜೊತೆ, ಸೂಪರ್‌ವೈಸರ್ ಇಲ್ಲದೆ. “ಏಕೆ ಹಾಗೆ ಮಾಡಿದಿರಿ?” ಎಂದರೆ ಮುಖ ಬಿಗಿಯುತ್ತದೆ, ಕಲಿತ ಉತ್ತರ ಬರುತ್ತದೆ. “ಏನೂ ಆಗದ ದಿನ ಈ ಕೆಲಸ ಹೇಗೆ ನಡೆಯುತ್ತದೆ, ತೋರಿಸಿ” ಎಂದರೆ ಬಿಡಿ ಕೀಯೂ ಹೊರಗೆ ಬರುತ್ತದೆ.

ಕಾಯಿಲೆಯ ತನಿಖೆ ಇದಕ್ಕಿಂತ ಕಷ್ಟ. ಅಲ್ಲಿ ರಕ್ತವಿಲ್ಲ, ಸದ್ದಿಲ್ಲ, ‘ಇಷ್ಟು ಗಂಟೆಗೆ ಆಯಿತು’ ಎನ್ನುವ ಕ್ಷಣವೇ ಇಲ್ಲ. ಲೋಹವನ್ನು ತಿರುಗಿಸಿ ಕೆತ್ತುವ ಲೇತ್ ಯಂತ್ರಗಳ ವಿಭಾಗದಲ್ಲಿ ಐದಾರು ಜನರ ಕೈಯಲ್ಲಿ ತುರಿಕೆ, ಬಿರುಕು. ಪ್ರಥಮ ಚಿಕಿತ್ಸೆಯ ರಿಜಿಸ್ಟರಿನಲ್ಲಿ ಬೇರೆಬೇರೆ ದಿನ ‘ಮುಲಾಮು ಕೊಟ್ಟಿದೆ’ ಎಂದಷ್ಟೇ ಇತ್ತು. ಆ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಎಲ್ಲರೂ ಒಂದೇ ಸಾಲಿನ ಯಂತ್ರಗಳವರು ಎಂದು ಕಂಡದ್ದು. ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂದು ಕೇಳಿದೆ. ಎಲ್ಲರದೂ ಹೌದು, ಕೆಲಸಕ್ಕೆ ಮರಳಿದ ಎರಡೇ ದಿನಕ್ಕೆ ಮತ್ತೆ ಶುರು. 1700ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ‘ನಿನ್ನ ಕಸುಬು ಏನು?’ ಎಂಬುದನ್ನೂ ಸೇರಿಸಿ ಎಂದು ವೈದ್ಯರಿಗೆ ಹೇಳಿದ್ದ. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ.

ಕೆತ್ತುವಾಗ ಲೋಹವನ್ನು ತಂಪಾಗಿಡಲು ಸುರಿಯುವ ಎಣ್ಣೆ-ನೀರಿನ ಮಿಶ್ರಣ, ಅಂದರೆ ಕೂಲಂಟ್, ಅದನ್ನು ಅಳೆದೆವು. 5 ಶೇಕಡಾ ಇರಬೇಕಾದ ಸಾಂದ್ರತೆ 11 ಮುಟ್ಟಿತ್ತು. ಯಂತ್ರದ ಬಿಸಿಗೆ ನೀರು ಆವಿಯಾಗುತ್ತದೆ, ಎಣ್ಣೆ ಉಳಿಯುತ್ತದೆ. ಮೇಲಿಂದ ಅಂದಾಜಿಗೆ ಮತ್ತಷ್ಟು ಎಣ್ಣೆ ಸುರಿಯುತ್ತಿದ್ದರು. ಕೈ ಒರೆಸುವ ಬಟ್ಟೆಯಲ್ಲಿದ್ದ ಸಣ್ಣ ಲೋಹದ ಚೂರುಗಳು ಚರ್ಮ ಗೀರುತ್ತಿದ್ದವು, ಆ ಗೀರುಗಳಿಗೇ ಗಟ್ಟಿ ಕೂಲಂಟ್ ತಾಗುತ್ತಿತ್ತು. ‘ಎಲ್ಲರಿಗೂ ಗ್ಲೌಸ್ ಕೊಡಿ’ ಎಂಬ ಸಲಹೆ ಸಭೆಯಲ್ಲಿ ಮೊದಲೇ ಬಂತು. ನಾನು ಒಪ್ಪಲಿಲ್ಲ. ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಗ್ಲೌಸಿನ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ತುರಿಕೆ ತಪ್ಪಿಸಲು ಹೋಗಿ ಕೈಯನ್ನೇ ಕಳೆದಂತಾಗುತ್ತದೆ. ವಾರಕ್ಕೊಮ್ಮೆ ಸಾಂದ್ರತೆ ತೋರಿಸುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳತೆ, ತುಂಬಿಸಲು ಮೊದಲೇ ಬೆರೆಸಿದ ತೆಳು ದ್ರಾವಣ, ಕೂಲಂಟ್ ಸಿಡಿಯದಂತೆ ತಡೆ, ಸ್ವಚ್ಛ ಬಟ್ಟೆ. ಎರಡು ತಿಂಗಳಲ್ಲಿ ಹೆಚ್ಚಿನವರ ಕೈ ವಾಸಿಯಾಯಿತು. ಒಬ್ಬರಿಗೆ ಮಾತ್ರ ಆಗಲಿಲ್ಲ. ಅವರ ಚರ್ಮಕ್ಕೆ ಅಲರ್ಜಿ ಅಂಟಿಯಾಗಿತ್ತು, ಇನ್ನೆಷ್ಟು ತೆಳುಮಾಡಿದರೂ ತಾಳುತ್ತಿರಲಿಲ್ಲ. ಅವರು ವಿಭಾಗ ಬದಲಾಯಿಸಬೇಕಾಯಿತು. ಆರು ತಿಂಗಳ ಮುಂಚೆಯೇ ರಿಜಿಸ್ಟರ್ ಓದಿದ್ದರೆ ಎಂಬ ಕೊರಗು ನನಗೆ ಇಂದಿಗೂ ಇದೆ.

‘ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡಿಗೆ ಇದ್ದ ಬಹುಮಾನವನ್ನು ನಿಲ್ಲಿಸಿದ್ದೂ ಆಗಲೇ. ತನ್ನಿಂದ ತಂಡದ ಬಹುಮಾನ ತಪ್ಪುವುದೆಂದು ಜನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಿದ್ದರು. ನಿಲ್ಲಿಸಿದ ಮೇಲೆ ಸಣ್ಣ ಗಾಯಗಳ ಲೆಕ್ಕ ಏರಿತು, ಮೇಲಿನವರು ಗಾಬರಿಯಾದರು. ಏರಿದ್ದು ಗಾಯವಲ್ಲ, ಹೇಳುವ ಧೈರ್ಯ ಎಂದು ಒಪ್ಪಿಸಲು ಮೂರು ಸಭೆ ಹಿಡಿಯಿತು.

ಬೆರಳು ಮುರಿದವರು ಕೆಲಸಕ್ಕೆ ಮರಳಿದ್ದಾರೆ. ಈಗ ಹೊಸ ಯಂತ್ರ ಬಂದರೆ ಸಹಿ ಹಾಕುವ ಮುನ್ನ ಅವರನ್ನು ಕರೆದುಕೊಂಡು ಹೋಗುತ್ತೇನೆ. ಅವರು ಮೊದಲು ಗಾಳಿಯ ಪೈಪು ಎಲ್ಲಿಂದ ಬರುತ್ತದೆಂದು ಹುಡುಕುತ್ತಾರೆ, ಆಮೇಲೆ ಬಗ್ಗಿ ನೋಡಿ ಕೇಳುತ್ತಾರೆ: “ಇಲ್ಲಿ ಮಾಲು ಸಿಕ್ಕಿಕೊಂಡರೆ ಕೈ ಎಲ್ಲಿಂದ ಹಾಕಬೇಕು ಸರ್?”